ಕಣ್ಣು ಬೇನೆಗೆ ಯಾವ ಊರು?

ನಾಸಿಕ್‌ಗೆ ಬಂದು ನಲವತ್ತು ವರ್ಷ ದಾಟಿತು. ಊರಿಂದ ಯಾರೇ ನೆಂಟರು ಬರಲಿ, ಪಂಚವಟಿ ಆಯ್ತು, ತ್ರ್ಯಂಬಕೇಶ್ವರ ಆಯ್ತು ಅಂದ ಮೇಲೆ ಮೂರನೆಯದಾಗಿ ಕೇಳೋದು ವೇರೂಳ್. "ನಮ್ಮ ರಾಷ್ಟ್ರಕೂಟರು ಕಡೆದ ಕೈಲಾಸ ಅಲ್ಲೇನು?" ಅಂತ ಕೇಳುವಾಗ ಅವರ ದನಿಯಲ್ಲಿ ಒಂಥರಾ ಹಕ್ಕು ಇರುತ್ತೆ. ಒಂದನೇ ಕೃಷ್ಣ ತನ್ನ ಸ್ವಂತ ಅಣ್ಣನೇನೋ ಅನ್ನುವ ಹಾಗೆ! ನನಗೂ ಆ ಹಕ್ಕು ಇಷ್ಟವೇ. ಪರಊರಲ್ಲಿ ಬಾಡಿಗೆ ಮನೆಯಿಂದ ಶುರುಮಾಡಿದವನಿಗೆ ಹದಿಮೂರು ಶತಮಾನದ ಹಿಂದಿನ ಒಂದು ಸ್ವಂತ ಕಟ್ಟಡ ಇದೆ ಅಂದರೆ ಸಣ್ಣ ಮಾತೇ?

2023ರ ಅಧಿಕ ಶ್ರಾವಣದಲ್ಲಿ ನನ್ನ ತಮ್ಮ ಸಂಸಾರ ಸಮೇತ ಬಂದಿದ್ದ. ವಿಜಯಪುರ ಜಿಲ್ಲೆಯ ಇಂಡಿ ಕಡೆ ನಮ್ಮೂರು. ಯೇವಲಾ, ವೈಜಾಪುರ ದಾಟಿ ಹೋಗುವಾಗ ತಮ್ಮನ ಐದು ವರ್ಷದ ಮೊಮ್ಮಗಳು ಗಾಡಿಯಲ್ಲಿ ಮಲಗಿದ್ದಳು. ವೇರೂಳಿನಲ್ಲಿ ಎಬ್ಬಿಸಿದರೆ ಒಂದು ಕಣ್ಣು ಅಂಟಿಕೊಂಡಿದೆ, ಇನ್ನೊಂದು ಕೆಂಡದ ಹಾಗೆ ಕೆಂಪು. ಆ ಮಳೆಗಾಲ ಮಹಾರಾಷ್ಟ್ರದ ತುಂಬಾ ಕಣ್ಣು ಬೇನೆ ಎದ್ದಿತ್ತು, ನಿಮಗೆ ನೆನಪಿರಬಹುದು. ಪುಣೆಯ ಹತ್ತಿರ ಆಳಂದಿಯಲ್ಲಿ ಜುಲೈನಲ್ಲಿ ಒಮ್ಮೆಲೇ ಸಾವಿರಾರು ಜನಕ್ಕೆ ಬಂದಿತ್ತು, ಅದರಲ್ಲೂ ಮಕ್ಕಳಿಗೇ ಹೆಚ್ಚು.

ಚಹಾದ ಗಾಡಿಯ ಹತ್ತಿರ ಮಗುವಿನ ಕಣ್ಣು ತೊಳೆಯಲು ನೀರು ಕೇಳಿದೆವು. ಅಂಗಡಿಯವನು ನಮ್ಮ ಕನ್ನಡ ಕೇಳಿಸಿಕೊಂಡ, ಮಗುವಿನ ಕಣ್ಣು ನೋಡಿದ. ಪಕ್ಕದವನಿಗೆ ಮೆಲ್ಲಗೆ, "ಹೇ ಬಾಹೇರಚೇ ಲೋಕಚ್ ಆಣತಾತ್" ಅಂದ. ಇದನ್ನೆಲ್ಲ ಹೊರಗಿನ ಜನವೇ ತರ್ತಾರೆ ಅಂತ. ಪಾಪ, ನೀರು ಮಾತ್ರ ಧಾರಾಳವಾಗಿ ಕೊಟ್ಟ. ಅವನಿಗೆ ನನ್ನ ಮರಾಠಿ ಅವನಷ್ಟೇ ಚೆನ್ನಾಗಿದೆ ಅಂತ ಗೊತ್ತಿರಲಿಲ್ಲ. ನಾನೂ ಏನೂ ಹೇಳಲಿಲ್ಲ. ಆದರೆ ಆ ಮಾತು ದಿನವಿಡೀ ನನ್ನ ಜೊತೆಗೇ ತಿರುಗಿತು. ಆ ಮಾತಿನ ಬಾಲ ಹಿಡಿದು ಹೋದರೆ ಎಷ್ಟು ದೂರ ಹೋಗುತ್ತೆ ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಣ್ಣು ಬೇನೆಗೆ ಮರಾಠಿಯಲ್ಲಿ 'ಡೋಳೇ ಯೇಣೇ' ಅಂತಾರೆ. ಕಣ್ಣು ಬರೋದು! ಎಲ್ಲಿಂದ ಬಂತು ಅಂತ ಹೇಳದ ಒಳ್ಳೇ ಹೆಸರು. ಬೆಂಗಳೂರಿನವರು 'ಮದ್ರಾಸ್ ಐ' ಅಂತಾರೆ, ಅಲ್ಲಿ ತಪ್ಪು ಮದ್ರಾಸಿನದು. ಇನ್ನೂ ತಮಾಷೆ ಕೇಳಿ. 1969ರಲ್ಲಿ ಆಫ್ರಿಕಾದ ಘಾನಾ ದೇಶದಲ್ಲಿ ಒಂದು ಹೊಸ ಬಗೆಯ ಕಣ್ಣು ಬೇನೆ ಎದ್ದಿತು. ಒಂದೇ ದಿನದಲ್ಲಿ ಕಣ್ಣು ಊದಿ, ಬಿಳಿಗುಡ್ಡೆಯಲ್ಲಿ ರಕ್ತ ಇಳಿಯುತ್ತಿತ್ತು. ಅದೇ ಹೊತ್ತಿಗೆ ಅಮೆರಿಕದವರು ಚಂದ್ರನ ಮೇಲೆ ಇಳಿದಿದ್ದರು. ಸರಿ, ಅಲ್ಲಿಯ ಜನ ಅದಕ್ಕೆ 'ಅಪೊಲೊ 11' ಅಂತ ಹೆಸರಿಟ್ಟರು. ಚಂದ್ರನ ಧೂಳೇ ಕಣ್ಣಿಗೆ ಬಿತ್ತು ಅಂತ! ತಪ್ಪು ಹೊರಿಸಲು ಭೂಮಿಯ ಮೇಲೆ ಯಾರೂ ಸಿಗದಿದ್ದರೆ ಚಂದ್ರನಾದರೂ ಸರಿ.

ಆ ಬೇನೆ ಎರಡು ವರ್ಷದಲ್ಲಿ ಏಷ್ಯಾ ಮುಟ್ಟಿತು. 1971ರಲ್ಲಿ ಭಾರತಕ್ಕೆ ಬಂತು. ಅದು ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದ ವರ್ಷ. ಕಲ್ಕತ್ತೆಯವರು ಕೆಂಪು ಕಣ್ಣಿಗೆ 'ಜೊಯ್ ಬಾಂಗ್ಲಾ' ಅಂತ ಹೆಸರಿಟ್ಟರು. ಒಂದು ಜನಾಂಗ ಪ್ರಾಣ ಕೊಟ್ಟು ಕೂಗಿದ ಘೋಷಣೆ ಅದು, ಕಣ್ಣಿನ ಪಿಸುರಿನ ಹೆಸರಾಯ್ತು. ಮನೆ ಮಠ ಕಳಕೊಂಡು ಟೆಂಟಿನಲ್ಲಿ ಕೂತವರಿಗೆ ಅದು ಹೇಗೆ ಕೇಳಿಸಿರಬೇಕು ಅಂತ ಈಗ ಯೋಚಿಸುತ್ತೇನೆ. ಕಲ್ಕತ್ತೆಯಷ್ಟೇ ಅಲ್ಲ, ಅದೇ ವರ್ಷ ಮುಂಬೈಯಲ್ಲೂ ಬೇನೆ ಮನೆಮನೆಗೆ ಹಬ್ಬಿತ್ತು. ನಮ್ಮ ಹಳ್ಳಿಗೂ ಬಂದಿತ್ತು. ನಾನಾಗ ಹದಿಮೂರರ ಹುಡುಗ. ಅವ್ವ ನಂದಿಬಟ್ಟಲು ಹೂವನ್ನು ನೀರಲ್ಲಿ ನೆನೆಹಾಕಿ ಕಣ್ಣ ಮೇಲೆ ಇಡುತ್ತಿದ್ದಳು. ಶಾಲೆಗೆ ಹತ್ತು ದಿನ ರಜೆ ಸಿಕ್ಕಿತು ಅನ್ನೋದಷ್ಟೇ ನಮ್ಮ ಖುಷಿ.

ಎಲ್ಲರಿಗೂ ಅದು ರಜೆಯಾಗಿರಲಿಲ್ಲ. ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ನೋಶಿರ್ ವಾಡಿಯಾ ಅಂತ ಹೆಸರಾಂತ ನರರೋಗ ತಜ್ಞರಿದ್ದರು. ಕಣ್ಣು ಬೇನೆ ವಾಸಿಯಾಗಿ ಎರಡು-ಮೂರು ವಾರ ಕಳೆದ ಮೇಲೆ ಬೆನ್ನು, ಕಾಲು ನೋವು ಅಂತ ಶುರುವಾಗಿ ಕಾಲಲ್ಲಿ ಶಕ್ತಿಯೇ ಇಲ್ಲದಂತಾದ ದೊಡ್ಡವರು ಅವರ ಬಳಿ ಬರತೊಡಗಿದರು. ನೋಡಲು ಪೋಲಿಯೊ ಹಾಗೇ, ಆದರೆ ಬಂದಿದ್ದು ವಯಸ್ಕರಿಗೆ! ವಾಡಿಯಾ ಮತ್ತು ಅವರ ಸಂಗಡಿಗರು ಈ ಎರಡರ ನಡುವಿನ ನಂಟನ್ನು ಗುರುತಿಸಿ 1972ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಕಣ್ಣು ಬೇನೆ ಬಂದವರಲ್ಲಿ ಇಂಥವರು ತೀರಾ ಅಪರೂಪ. ಆದರೆ ಲಕ್ಷಗಟ್ಟಲೆ ಜನಕ್ಕೆ ಬೇನೆ ಬಂದಾಗ ಅಪರೂಪ ಅನ್ನೋದೂ ವಾರ್ಡು ತುಂಬುತ್ತದೆ. ಅದೇ ಹೊತ್ತಿಗೆ ಜಪಾನಿನ ವಿಜ್ಞಾನಿಗಳು ಇಂಥ ಕಣ್ಣುಗಳಿಂದ ಒಂದು ಹೊಸ ವೈರಸ್ಸನ್ನು ಬೇರ್ಪಡಿಸಿದ್ದರು. ಮುಂದೆ ಅದಕ್ಕೆ ಎಂಟೆರೊವೈರಸ್ 70 ಅಂತ ಹೆಸರಾಯ್ತು. ಪೋಲಿಯೊ ವೈರಸ್ಸಿನ ದಾಯಾದಿ ಅದು.

ಈ ಮನೆತನದ ಬಗ್ಗೆ ಸ್ವಲ್ಪ ಹೇಳಬೇಕು. 'ಎಂಟೆರೊ' ಅಂದರೆ ಕರುಳಿಗೆ ಸಂಬಂಧಪಟ್ಟದ್ದು. ಬಾಯಿಂದ ಒಳಗೆ ಹೋಗಿ, ಹೊಟ್ಟೆಯ ಹುಳಿಗೂ ಜಗ್ಗದೆ, ಗಂಟಲು ಮತ್ತು ಕರುಳಲ್ಲಿ ಬೆಳೆದು, ಮಲದಲ್ಲಿ ಹೊರಗೆ ಬಂದು, ಕೈಯಿಂದ, ನೀರಿನಿಂದ ಇನ್ನೊಬ್ಬರ ಬಾಯಿ ಸೇರುವುದು ಇವುಗಳ ಕಸುಬು. ಕಣ್ಣಿನ 70 ಮಾತ್ರ ಆ ದಾರಿ ಬಿಟ್ಟು ಕೈ, ಟವೆಲ್ಲುಗಳನ್ನು ಹಿಡಿಯಿತು. ಹಿರಿಯಣ್ಣ ಪೋಲಿಯೊ. ಅದು ವೈರಸ್ಸಿನಿಂದ ಬರುತ್ತೆ ಅಂತ 1908ರಲ್ಲಿ ವಿಯೆನ್ನಾದಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಪಾಪರ್ ತೋರಿಸಿದರು. 1948ರಲ್ಲಿ ಅಮೆರಿಕದ ಡಾಲ್‌ಡಾರ್ಫ್ ಮತ್ತು ಸಿಕಲ್ಸ್ ಇನ್ನೊಂದನ್ನು ಕಂಡುಹಿಡಿದರು. ರೋಗಿಗಳು ಇದ್ದ ಊರು ನ್ಯೂಯಾರ್ಕ್ ರಾಜ್ಯದ ಕಾಕ್ಸಾಕಿ, ಆದ್ದರಿಂದ ವೈರಸ್ಸೂ ಕಾಕ್ಸಾಕಿ. ಆ ಚಿಕ್ಕ ಊರಿನ ಹೆಸರು ಇವತ್ತಿಗೂ ಹೃದಯದ ಸ್ನಾಯುವಿನ ಉರಿಯೂತಕ್ಕೆ, ಮಕ್ಕಳ ಕೈ-ಕಾಲು-ಬಾಯಿ ರೋಗಕ್ಕೆ ಅಂಟಿಕೊಂಡಿದೆ. (ದನಗಳ ಕಾಲುಬಾಯಿ ಜ್ವರ ಇದಲ್ಲ. ಅದರ ವೈರಸ್ ದೂರದ ನೆಂಟ, ಅಷ್ಟೇ.) ಆಮೇಲೆ ಯಾವ ರೋಗ ತರುತ್ತವೆ ಅಂತಲೇ ತಿಳಿಯದ ಕೆಲವು ಸಿಕ್ಕವು. ಅವಕ್ಕೆ 'ಅನಾಥ' ಅಂತಲೇ ಹೆಸರು, ಎಕೊ ವೈರಸ್ಸಿನ ಕೊನೆಯ 'ಒ' ಅಕ್ಷರದ ಅರ್ಥ ಅದೇ. ಕೊನೆಗೆ ಹೆಸರಿನ ಜಗಳವೇ ಬೇಡ ಅಂತ 68ರಿಂದ ಮುಂದೆ ನಂಬರು ಹಾಕತೊಡಗಿದರು. ಜೈಲಿನ ಕೈದಿಗಳಿಗೆ ಹಾಕುವ ಹಾಗೆ! ಈಗ ಮನುಷ್ಯರಲ್ಲಿ ನೂರಕ್ಕೂ ಹೆಚ್ಚು ಬಗೆ ಗೊತ್ತಾಗಿವೆ. ಅದರಲ್ಲಿ 71 ನಂಬರಿನದು 1997ರಲ್ಲಿ ಮಲೇಷ್ಯಾದಲ್ಲಿ, 1998ರಲ್ಲಿ ತೈವಾನಿನಲ್ಲಿ ಮಕ್ಕಳ ಪ್ರಾಣ ತೆಗೆಯಿತು. ತೈವಾನ್ ಒಂದರಲ್ಲೇ 78 ಸಾವು. ಕಣ್ಣಿನ ವಿಷಯಕ್ಕೆ ಬಂದರೆ, ಈಗೀಗ 70ಕ್ಕಿಂತ ಕಾಕ್ಸಾಕಿ ಎ24 ಮತ್ತು ಬೇರೆ ಮನೆತನದ ಅಡಿನೊ ವೈರಸ್‌ಗಳದ್ದೇ ಹಾವಳಿ.

ಇವೆಲ್ಲದರ ಒಂದು ಗುಣ ನೆನಪಿಡಿ. ಮೈಯೊಳಗೆ ಹೊಕ್ಕವರಲ್ಲಿ ಹೆಚ್ಚಿನವರಿಗೆ ಹೊಕ್ಕಿದ್ದೇ ಗೊತ್ತಾಗುವುದಿಲ್ಲ. ಪೋಲಿಯೊ ವೈರಸ್ ತಗುಲಿದ ಇನ್ನೂರು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಮಾತ್ರ ಕೈಕಾಲು ಹೋಗುತ್ತದೆ. ಉಳಿದವರಿಗೆ ಒಂದಿಷ್ಟು ಜ್ವರ, ಇಲ್ಲವೆ ಅದೂ ಇಲ್ಲ. ಆಟವಾಡಿಕೊಂಡೇ ಹಂಚುತ್ತಾರೆ. ಹಾಗಾಗಿ 'ಯಾರು ತಂದರು' ಅನ್ನುವ ಪ್ರಶ್ನೆಗೆ ಓಣಿಯಲ್ಲಿ ನಿಂತು ಉತ್ತರ ಹೇಳಲು ಯಾರಿಗೂ ಆಗುವುದಿಲ್ಲ. ಆದರೂ ಹೇಳುತ್ತಾರೆ.

ನಮ್ಮ ಮನೆಯಲ್ಲೂ ಹೇಳಿದರು.

ಸೊಸೆ ಮಗುವನ್ನು ಹಿಡಿದು ಗಾಡಿಯಲ್ಲೇ ಉಳಿದಳು. ಅಷ್ಟು ಜನರ ನಡುವೆ ಒಯ್ಯುವುದು ಸರಿಯಲ್ಲ ಅಂತ ನಾನೇ ಹೇಳಿದೆ. ನಾನು, ತಮ್ಮ ಇಬ್ಬರೇ ಒಳಗೆ ಹೋದೆವು. ಅವನು ನಡೆಯುವುದು ಎಡ ತೊಡೆಗೆ ಎಡಗೈ ಒತ್ತಿ. ಕಾಲಿಗೆ ಕ್ಯಾಲಿಪರ್ ಇದೆ, ಆದರೆ ದೂರ ನಡೆಯುವಾಗ ಕೈ ತಾನಾಗೇ ಮೊಣಕಾಲಿಗೆ ಹೋಗುತ್ತೆ, ಐವತ್ತು ವರ್ಷದ ರೂಢಿ. ಕೈಲಾಸದ ಮೆಟ್ಟಿಲು ಬೇಡ ಅಂದ. ಪಕ್ಕದ 14ನೇ ಗುಹೆಗೆ ಹೋದೆವು, ಜನ ಕಡಿಮೆ ಇರುತ್ತೆ. ಗರ್ಭಗುಡಿಯ ಸುತ್ತಿನ ಓಣಿಯಲ್ಲಿ ಸಪ್ತಮಾತೃಕೆಯರು ಸಾಲಾಗಿ ಕೂತಿದ್ದಾರೆ, ಪ್ರತಿಯೊಬ್ಬಳ ಜೊತೆಗೂ ಒಂದು ಕೂಸು. ಅಲ್ಲೇ ಬರೀ ಎಲುಬಿನ ಕಾಲ ಮತ್ತು ಕಾಳಿ. ತಾಯಿ, ಮಗು, ಸಾವು, ಮೂರೂ ಒಂದೇ ಜಾಗದಲ್ಲಿ. ರಾಷ್ಟ್ರಕೂಟರಿಗಿಂತ ಹಿಂದೆಯೇ ಯಾರೋ ಶಿಲ್ಪಿಗೆ ಮಕ್ಕಳ ರೋಗದ ಮಳೆಗಾಲಗಳು ಚೆನ್ನಾಗಿ ಗೊತ್ತಿದ್ದವು ಅನ್ನಿಸುತ್ತೆ. ಕೋಪನ್‌ಹೇಗನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದಿನ ಈಜಿಪ್ಟಿನ ಒಂದು ಕಲ್ಲಿದೆ. ಅದರಲ್ಲಿ ಒಂದು ಕಾಲು ಸಣಕಲಾದ ಮನುಷ್ಯ ಕೋಲು ಊರಿ ನಿಂತಿದ್ದಾನೆ. ಪೋಲಿಯೊದ ಅತಿ ಹಳೆಯ ಚಿತ್ರ ಅದೇ ಇರಬೇಕು ಅಂತಾರೆ. ಫೋಟೊ ನೋಡಿದಾಗ ನನಗೆ ಈಜಿಪ್ಟ್ ಕಾಣಲೇ ಇಲ್ಲ, ತಮ್ಮನೇ ಕಂಡ.

1969ರ ಆಷಾಢ. ಊರಲ್ಲಿ ರೇಡಿಯೊ ಇದ್ದವರ ಮನೆಯಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿ. ಅವ್ವ ಎರಡು ವರ್ಷದ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಏಕಾದಶಿಗೆ ಪಂಢರಪುರಕ್ಕೆ ಹೋದಳು. "ಕೂಸಿನ್ನ ಬಿಟ್ಟ ಹೋಗು" ಅಂತ ಆಯಿ ಹೇಳಿದ್ದಳಂತೆ, ಅವ್ವ ಕೇಳಲಿಲ್ಲ. ವಾಪಸು ಬಂದು ಎರಡು ವಾರಕ್ಕೆ ತಮ್ಮನಿಗೆ ಜ್ವರ. ತಾಲೂಕಿಗೆ ಒಯ್ದರು. ಅಲ್ಲೊಬ್ಬ ಕಂಪೌಂಡರ್ ಎಡ ಕುಂಡಿಗೆ ಇಂಜೆಕ್ಷನ್ ಚುಚ್ಚಿದ. ಮರುದಿನ ಬೆಳಗ್ಗೆ ಎಬ್ಬಿಸಿ ನಿಲ್ಲಿಸಿದರೆ ಎಡಗಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು.

ಮನೆಯಲ್ಲಿ ತೀರ್ಪಿಗೆ ತಡವಾಗಲಿಲ್ಲ. ಯಾತ್ರೆಯಿಂದ ತಂದ ಬೇನೆ. ತಂದವಳು ಅವ್ವ. ಮೂವತ್ತೈದು ವರ್ಷ, ಅಂದರೆ 2004ರಲ್ಲಿ ಆಕೆ ತೀರಿಕೊಳ್ಳುವವರೆಗೂ, ಅವ್ವ ಮತ್ತೆ ಪಂಢರಪುರದ ಕಡೆ ಮುಖ ಹಾಕಲಿಲ್ಲ. ಯಾರಾದರೂ ವಿಠೋಬನ ಪ್ರಸಾದ ತಂದರೆ ಕಣ್ಣಿಗೊತ್ತಿಕೊಂಡು ಬೇರೆಯವರಿಗೆ ಕೊಡುತ್ತಿದ್ದಳು.

ನನಗೆ ವಿಷಯ ತಿಳಿದಿದ್ದು ಬಹಳ ತಡವಾಗಿ. ಪೋಲಿಯೊ ವೈರಸ್ ಮೈಯಲ್ಲಿರುವಾಗ ಸ್ನಾಯುವಿಗೆ ಸೂಜಿ ಚುಚ್ಚಿದರೆ, ಚುಚ್ಚಿದ ಕಾಲಿಗೇ ಲಕ್ವ ಹೊಡೆಯುವ ಸಂಭವ ಹೆಚ್ಚು. 1950ರಲ್ಲೇ ಬ್ರಿಟನ್ ಮತ್ತು ಆಸ್ಟ್ರೇಲಿಯಾದ ವೈದ್ಯರು ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಸೂಜಿಯಿಂದ ಗಾಯಗೊಂಡ ಸ್ನಾಯುವಿನ ನರದ ದಾರಿ ಹಿಡಿದು ವೈರಸ್ ಬೆನ್ನುಹುರಿಗೆ ಏರುತ್ತದೆ ಅಂತ 1998ರ ಹೊತ್ತಿಗೆ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿತು. ಜ್ವರ ಅಂದರೆ ಇಂಜೆಕ್ಷನ್ ಅನ್ನುವ ನಮ್ಮ ದೇಶದಲ್ಲಿ ಹೀಗೆ ಎಷ್ಟು ಕಾಲು ಹೋದವೋ! ಹಾಗಂತ ಈಗ ಆ ಕಂಪೌಂಡರನನ್ನು ಕಟಕಟೆಗೆ ನಿಲ್ಲಿಸಲೇ? ಅವನಿಗೂ ಗೊತ್ತಿರಲಿಲ್ಲ, ಜ್ವರ ಇಳಿಯಲಿ ಅಂತಲೇ ಚುಚ್ಚಿದ್ದ. ಇನ್ನು ವೈರಸ್ ಪಂಢರಪುರದಿಂದಲೇ ಬಂತೇ? ಆ ಮಳೆಗಾಲ ನಮ್ಮ ಓಣಿಯ ಹಳ್ಳದಲ್ಲೇ ಇದ್ದಿರಬಹುದು. ನನ್ನ ಕರುಳಲ್ಲೇ ಇದ್ದಿರಬಹುದು. ತಮ್ಮನಿಗೆ ರೊಟ್ಟಿ ಮುರಿದು ತಿನ್ನಿಸುತ್ತಿದ್ದವನು ನಾನೇ ಅಲ್ಲವೇ...

ಲಸಿಕೆ ಆಗ ಇರಲಿಲ್ಲ ಅಂತಲ್ಲ. ಸಾಲ್ಕ್ ಅವರ ಚುಚ್ಚುಮದ್ದು 1955ರಲ್ಲಿ, ಸೇಬಿನ್ ಅವರ ಹನಿ 1960ರ ದಶಕದ ಆರಂಭದಲ್ಲಿ ಬಂದಿತ್ತು. ಮುಂಬೈಯ ಪರೇಲಿನಲ್ಲಿ ಹಾಫ್‌ಕಿನ್ ಸಂಸ್ಥೆಯ ಆವರಣದಲ್ಲಿ ಒಂದು ಕೇಂದ್ರವಿದೆ. 1949ರಲ್ಲಿ ಪೋಲಿಯೊ ಸಂಶೋಧನೆಗೆಂದು ಶುರುವಾಗಿ, ಮುಂದೆ ಎಂಟೆರೊವೈರಸ್ ಸಂಶೋಧನಾ ಕೇಂದ್ರ ಅಂತ ಹೆಸರಾಗಿ, ಈಗ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಮುಂಬೈ ಘಟಕವಾಗಿದೆ. ಅಂದರೆ ತಮ್ಮ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಮುಂಬೈಯಲ್ಲಿ ಈ ವೈರಸ್ಸಿನ ಅಭ್ಯಾಸ ನಡೆದಿತ್ತು. ಆದರೆ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಪೋಲಿಯೊ ಹನಿ ಸೇರಿದ್ದು 1979ರಲ್ಲಿ. ನಮ್ಮ ಹಳ್ಳಿ ಮುಟ್ಟಲು ಇನ್ನೂ ಕಾಲ ಹಿಡಿಯಿತು.

1995ರ ಡಿಸೆಂಬರ್‌ನಲ್ಲಿ ಪಲ್ಸ್ ಪೋಲಿಯೊ ಬಂತು. ಒಂದೇ ದಿನ ಇಡೀ ದೇಶದ ಮಕ್ಕಳಿಗೆ ಎರಡು ಹನಿ. ಆಮೇಲೆ ಮನೆಮನೆಗೆ ಹೋಗಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. 'ಪಿ' ಅಂದರೆ ಆಯ್ತು, 'ಎಕ್ಸ್' ಅಂದರೆ ಇನ್ನೊಮ್ಮೆ ಬರಬೇಕು. ಬಾಗಿಲೇ ಇಲ್ಲದವರದು? ನಾಸಿಕ್‌ನಲ್ಲಿ ಆಗ ಎಲ್ಲೆಲ್ಲೂ ಬಿಲ್ಡಿಂಗ್ ಏಳುತ್ತಿದ್ದವು. ಅಲ್ಲಿ ತಗಡಿನ ಶೆಡ್ಡುಗಳಲ್ಲಿ ಗುಲಬರ್ಗಾ, ಯಾದಗಿರಿ ಕಡೆಯ ಕೂಲಿಯವರು. ಒಮ್ಮೆ ಕಾಲೊನಿಗೆ ಬಂದ ಆರೋಗ್ಯ ಇಲಾಖೆಯ ಬಾಯಿಯೊಬ್ಬರು, "ಕಾಕಾ, ತುಮ್ಹಾಲಾ ಕಾನಡಿ ಯೇತೇ ನಾ?" ಅಂತ ಕೇಳಿ ನನ್ನನ್ನು ಕರಕೊಂಡು ಹೋದರು. ಅವತ್ತಿಂದ ಹಲವು ವರ್ಷ ಪೋಲಿಯೊ ಭಾನುವಾರ ಅಂದರೆ ನನ್ನ ಡ್ಯೂಟಿ. "ಯವ್ವಾ, ಕೂಸಿನ್ನ ತೋರ್ಸು, ಎರಡ ಹನಿ ಅಷ್ಟ" ಅನ್ನೋದು. ಕನ್ನಡ ಕೇಳಿದ ಕೂಡಲೇ ಶೆಡ್ಡಿನ ಒಳಗಿಂದ ಇನ್ನೂ ಎರಡು ಮಕ್ಕಳು ಹೊರಗೆ ಬರುತ್ತಿದ್ದವು. ಯಾವ ಪಟ್ಟಿಯಲ್ಲೂ ಇಲ್ಲದ ಮಕ್ಕಳು. ಊರಿನ ಲೆಕ್ಕದಲ್ಲಿ ಊರಲ್ಲಿಲ್ಲ, ಇಲ್ಲಿಯ ಲೆಕ್ಕದಲ್ಲಿ ಇಲ್ಲಿಯವಲ್ಲ.

ಕೊನೆಯ ವರ್ಷಗಳಲ್ಲಿ ಇಡೀ ದೇಶದ ಕಾರ್ಯಕ್ರಮ ಇವರ ಬೆನ್ನು ಹತ್ತಿತು. ವೈರಸ್ಸಿನ ವಂಶಾವಳಿಯನ್ನು ಪರೇಲಿನ ಲ್ಯಾಬಿನಲ್ಲಿ ಓದಿ, ಯಾವುದು ಎಲ್ಲಿಂದ ಬಂದದ್ದು ಅಂತ ಹೇಳುವಷ್ಟು ವಿಜ್ಞಾನ ಬೆಳೆದಿತ್ತು. 2001ರಿಂದ ಮುಂಬೈಯ ಗಟಾರದ ನೀರನ್ನೂ ಪರೀಕ್ಷೆ ಮಾಡತೊಡಗಿದ್ದರು. ಹೋಗಿಯೇಬಿಟ್ಟಿತು ಅಂದುಕೊಂಡಿದ್ದ ಕರ್ನಾಟಕದಲ್ಲಿ 2003ರಲ್ಲಿ ಮರಳಿ ಬಂದು 36 ಪ್ರಕರಣಗಳಾದವು. ನಮ್ಮ ನಾಸಿಕ್ ಜಿಲ್ಲೆಯ ಮಾಲೇಗಾಂವ್‌ನಲ್ಲಿ 2010ರಲ್ಲೂ ಪೋಲಿಯೊ ಕಂಡಿತು. ಮಾಲೇಗಾಂವ್ ಅಂದರೆ ಮಗ್ಗದ ಊರು. ಅಲ್ಲಿಯ ನೇಕಾರರಲ್ಲಿ ಎಷ್ಟೋ ಜನರ ಹಿರಿಯರು 1857ರ ನಂತರ ಉತ್ತರ ಪ್ರದೇಶದಿಂದ ಬಂದವರು. ಆಗ ನಾಸಿಕ್‌ನಲ್ಲಿ ನನ್ನ ಪರಿಚಯದವರೇ, "ಆ ಜನ ಇರೋದೇ ಹಾಗೆ" ಅನ್ನುತ್ತಿದ್ದರು. ಅವರು ಬಂದು ನೂರೈವತ್ತು ವರ್ಷ, ನಾನು ಬಂದು ಮೂವತ್ತು. ನನ್ನ ಎದುರಿಗೇ ಅವರು ಹೊರಗಿನವರು, ನಾನು ಒಳಗಿನವನು! ನಾನೂ ಆಗ ತಲೆಯಾಡಿಸಿದ್ದೆ ಅಂತ ನೆನೆದರೆ ಈಗ ನಾಚಿಕೆಯಾಗುತ್ತೆ.

ವಂಶಾವಳಿ ಗೊತ್ತಿದ್ದೂ ಕಾರ್ಯಕ್ರಮದವರು ಮಾಡಿದ್ದು ಬೇರೆ ಕೆಲಸ. ಯಾರು ತಂದರು ಅಂತ ಬೈಯುವುದರ ಬದಲು ಯಾರು ಬಿಟ್ಟುಹೋದರು ಅಂತ ಹುಡುಕಿದರು. ಇಟ್ಟಿಗೆ ಭಟ್ಟಿ, ಕಬ್ಬಿನ ಗ್ಯಾಂಗು, ರೈಲು ನಿಲ್ದಾಣ, ಬಸ್ ಸ್ಟ್ಯಾಂಡು, ಜಾತ್ರೆ, ಎಲ್ಲೆಲ್ಲಿ ನಮ್ಮಂಥ ಜನ ಓಡಾಡುತ್ತಾರೋ ಅಲ್ಲೆಲ್ಲ ಐಸ್ ಡಬ್ಬಿ ಹಿಡಿದು ನಿಂತರು. 2009ರಲ್ಲಿ ಭಾರತದಲ್ಲಿ 741 ಪ್ರಕರಣ. 2010ರಲ್ಲಿ 42. 2011ರಲ್ಲಿ ಒಂದೇ ಒಂದು, ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. ಅಲ್ಲಿಗೆ ಕಾಡು ಪೋಲಿಯೊ ನಿಂತಿತು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಹಾಗಂತ ಹನಿ ನಿಲ್ಲಿಸುವಂತಿಲ್ಲ, ಪಕ್ಕದ ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಅದು ಇನ್ನೂ ಇದೆ.

14ನೇ ಗುಹೆಯ ಹೊರಗೆ ಕಲ್ಲಿನ ಮೇಲೆ ಕೂತು ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಮೊದಲ ಸಲ. ಇನ್ನೂರರಲ್ಲಿ ಒಬ್ಬರ ಲೆಕ್ಕ, ಸೂಜಿಯ ವಿಷಯ, ಓಣಿಯ ಹಳ್ಳ, ನನ್ನ ರೊಟ್ಟಿ. ಅವನು ಊರಲ್ಲಿ ಮೊದಲು ಎಸ್‌ಟಿಡಿ ಬೂತ್, ಆಮೇಲೆ ಮೊಬೈಲ್ ರೀಚಾರ್ಜ್ ಅಂಗಡಿ ನಡೆಸಿದವನು. ಎಲ್ಲರ ಮಾತು ಸುಮ್ಮನೆ ಕೇಳುವುದು ಅವನಿಗೆ ಅಭ್ಯಾಸ. ಪೂರ್ತಿ ಕೇಳಿ, "ಅಣ್ಣಾ, ಇದನ್ನ ಅವ್ವ ಇದ್ದಾಗ ಹೇಳಬೇಕಿತ್ತು ನೋಡು" ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 2004ರಲ್ಲಿ ನನಗೆ ಅರ್ಧ ಗೊತ್ತಿತ್ತು. ಪ್ರತಿ ಪೋಲಿಯೊ ಭಾನುವಾರ ಅಪರಿಚಿತ ತಾಯಂದಿರಿಗೆ ಹನಿಯ ಬಗ್ಗೆ ಕನ್ನಡದಲ್ಲಿ ತಿಳಿಸಿ ಹೇಳಿದವನು, ನಮ್ಮವ್ವನ ಹತ್ತಿರ ಕೂತು "ನಿಂದೇನೂ ತಪ್ಪಿಲ್ಲ" ಅನ್ನಲಿಲ್ಲ. ಹಳೇ ಗಾಯ ಯಾಕೆ ಕೆದಕುವುದು ಅಂದುಕೊಂಡೆ. ಗಾಯ ಅವಳಿಗೆ ಹಳತಾಗಿರಲೇ ಇಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವನೇ ನಕ್ಕ. "ನಾ ಅಂತೂ ವರ್ಷಾ ಪಂಢರಪುರಕ್ಕ ಹೋಗ್ತೀನಿ. ವಿಠೋಬ ಟೊಂಕದ ಮ್ಯಾಲ ಕೈ ಇಟ್ಟಾನ, ನಾ ಮೊಣಕಾಲ ಮ್ಯಾಲ ಇಟ್ಟೀನಿ. ನಿಂತೀವಿ ಇಬ್ಬರೂ."

ಗಾಡಿಯ ಹತ್ತಿರ ಬಂದಾಗ ಮಗು ಎದ್ದು ಬಿಸ್ಕೀಟು ತಿನ್ನುತ್ತಿತ್ತು. ಚಹಾದವನು ಇನ್ನೊಂದು ಚೆಂಬು ನೀರು ಕೊಟ್ಟು ಕಳಿಸಿದ್ದನಂತೆ. ಮಗುವಿಗೆ ಬೇರೆ ಟವೆಲ್, ಬೇರೆ ದಿಂಬು, ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಬೇಕು ಅಂತ ಕಟ್ಟಪ್ಪಣೆ ಮಾಡಿದೆ. ಈ ಮನೆತನದ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆ ಇಲ್ಲ, ಸ್ಯಾನಿಟೈಸರಿಗೆ ಅಷ್ಟಾಗಿ ಹೆದರುವುದಿಲ್ಲ, ತಿಕ್ಕಿ ತೊಳೆಯುವುದೇ ಮೇಲು. ಒಂದು ವಾರದಲ್ಲಿ ಮಗುವಿನ ಕಣ್ಣು ತಿಳಿಯಾಯಿತು. ಆಮೇಲೆ ನನ್ನ ಕಣ್ಣು ಕೆಂಪಾಯಿತು!

ಪಕ್ಕದ ಮನೆಯವರು "ಯಾರಿಂದ ಬಂತು?" ಅಂತ ಕೇಳಿದರು. ಮಗುವಿನ ಹೆಸರು ಹೇಳಲು ಮನಸ್ಸಾಗಲಿಲ್ಲ. "ಡೋಳೇ ಆಲೇ" ಅಂದೆ, ಕಣ್ಣು ಬಂದಿವೆ, ಅಷ್ಟೇ.